ಸಿಸ್ಟರಮ್ಮನ ಮನೆಯ ಮಕ್ಕಳು

ಅಂಗಾಲನ್ನು ಚಿವುಟಿದರೂ ಮಗು ಕಣ್ಣು ಬಿಡಲಿಲ್ಲ. ಸೊಸೆ ಇನ್ನೊಮ್ಮೆ ಚಿವುಟಿದಳು, ಈ ಸಲ ಉಗುರು ಊರುವಷ್ಟು ಜೋರಾಗಿ. ಕೆಳಮನೆಯವಳು ಕೆಲಸಕ್ಕೆ ಹೋಗುವಾಗ ಅತ್ತೆಯ ಬಳಿ ಬಿಟ್ಟುಹೋಗುವ ಕೂಸು ಅದು. ಇನ್ನೂ ವರ್ಷ ತುಂಬಿಲ್ಲ, ಗುಂಡುಗುಂಡಗೆ ಇದೆಯೆಂದು ಎಲ್ಲರ ಬಾಯಲ್ಲೂ ಗುಂಡ. ರಜೆಯ ದಿನ ತಾಯಿಯ ಸೊಂಟದ ಮೇಲಿದ್ದಾಗ ಇಡೀ ಕಟ್ಟಡವೇ ಎದ್ದು ಕೂರುವಂತೆ ಕಿರುಚುವ ಗುಂಡ ಈಗ ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ ಚಾಪೆಯ ಮೇಲೆ ಬಿದ್ದಿತ್ತು. ತುಟಿಯ ಅಂಚು ನೀಲಿಗಟ್ಟಿತ್ತು. ಉಸಿರಿತ್ತು, ಆದರೆ ಒಂದು ಉಸಿರು ಹೋದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು.

"ಅತ್ತೆ! ಅತ್ತೆ, ಏಳಿ!"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಗಲ್ಲವನ್ನು ಎದೆಗೆ ಊರಿ ಕೂತಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಕೆಳಗೆ ಬಿಳಿ ಗೆರೆಯೊಂದು ಕಾಣುತ್ತಿತ್ತು. ಎರಡನೇ ಸಲ ಕೂಗಿದಾಗ ತಲೆ ಎತ್ತಿ, ಯಾರೋ ದೂರದವರನ್ನು ನೋಡುವಂತೆ ಸೊಸೆಯನ್ನು ನೋಡಿದರು.

"ಯಾಕೆ ಹಾಗೆ ಕೂಗ್ತೀಯ? ಮಕ್ಕಳು ಮಲಗಿದ್ದಾವೆ."

"ಗುಂಡ ಏಳ್ತಾ ಇಲ್ಲ ಅತ್ತೆ."

"ನಿದ್ದೆ ಹತ್ತಿರೋ ಮಗುನ ಯಾಕೆ ಎಬ್ಬಿಸ್ತೀಯ? ನೀನ್ಯಾಕೆ ಇಷ್ಟು ಬೇಗ ಬಂದೆ?"

ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರದ ಮೋಟಾರು ಸುಟ್ಟುಹೋಗಿತ್ತು. ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವ ಅವಳಿಗೆ ಕೇಕೇ ಇಲ್ಲದ ಮೇಲೆ ಏನು ಕೆಲಸ? ಮಾಲೀಕ ಮನೆಗೆ ಕಳಿಸಿದ್ದ. ಅಪರೂಪಕ್ಕೆ ಸಿಕ್ಕಿದ ಅರ್ಧ ದಿನವೆಂದು ಮೂರು ಮಹಡಿಯನ್ನೂ ಖುಷಿಯಿಂದಲೇ ಹತ್ತಿ ಬಂದಿದ್ದಳು. ಆದರೆ ಇದನ್ನೆಲ್ಲ ಹೇಳುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಅಡುಗೆಮನೆಗೆ ಓಡಿ ಒದ್ದೆ ಬಟ್ಟೆ ತಂದು ಮಗುವಿನ ಮುಖ, ಕತ್ತು, ಎದೆ ಒರೆಸಿದಳು. ಬೆನ್ನು ತಿಕ್ಕಿದಳು. ಕೊನೆಗೂ ಮಗು ಬೆಕ್ಕಿನ ಮರಿಯ ಹಾಗೆ ಒಮ್ಮೆ ಕುಂಯ್‌ಗುಟ್ಟಿ ಕಣ್ಣು ತೆರೆಯಿತು. ಕಪ್ಪು ಪಾಪೆ ಸಾಸಿವೆಯಷ್ಟಾಗಿತ್ತು.

ಆ ಕಣ್ಣು ನೋಡಿದ್ದೇ ಅತ್ತೆಯ ಮಂಪರು ಹರಿಯಿತು. ಕುರ್ಚಿಯಿಂದ ಜಾರಿ ಚಾಪೆಯ ಮೇಲೆ ಮಂಡಿಯೂರಿದರು. ವರ್ಷಗಟ್ಟಲೆ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದ ಬೆರಳುಗಳು ತಾವಾಗಿಯೇ ಮಗುವಿನ ರೆಪ್ಪೆ ಎತ್ತಿದವು, ಎದೆಯ ಮೇಲೆ ಕೂತವು.

"ಕೊಟ್ಟಿದ್ನಾ..." ಎಂದರು, ತಮ್ಮಷ್ಟಕ್ಕೆ.

"ಏನು ಕೊಟ್ಟಿದ್ರಿ?"

"ಕೆಮ್ಮಿನ ಸಿರಪ್, ಒಂದು ತೊಟ್ಟು ಅಷ್ಟೆ. ನಿದ್ದೆ ಬರಲಿ ಅಂತ ದಿನಾ ಕೊಡೋದೇ. ಬೆಳಿಗ್ಗೆ ಕೊಟ್ನೋ ಇಲ್ವೋ ನೆನಪಾಗ್ಲಿಲ್ಲ. ಅದಕ್ಕೆ ಮತ್ತೆ ಕೊಟ್ಟೆ ಅನ್ಸುತ್ತೆ."

ಸೊಸೆಯ ಕಿವಿಯಲ್ಲಿ 'ದಿನಾ' ಎಂಬ ಮಾತೊಂದೇ ಉಳಿಯಿತು. ಅವಳು ಚಾಪೆಯ ಆ ತುದಿಗೆ ನೋಡಿದಳು. ಹಗಲು ಇಲ್ಲೇ ಬಿಟ್ಟುಹೋಗುವ ಟೀಚರೊಬ್ಬಳ ಮಗ ಬಾಯಿ ತೆರೆದು ಮಲಗಿದ್ದ. ಅವನ ಪಕ್ಕದಲ್ಲಿ, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ತನ್ನದೇ ಮಗಳು ಗುಬ್ಬಿ, ಶಾಲೆಗೆ ಇನ್ನೂ ಸೇರದ ಚೋಟುದ್ದದ ಹುಡುಗಿ. ಇಷ್ಟು ಗಲಾಟೆಗೂ ಇಬ್ಬರಲ್ಲಿ ಒಬ್ಬರೂ ಮಗ್ಗುಲು ಬದಲಿಸಿರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದಾಗ ಗುಬ್ಬಿ ಮೂಗು ಕೆರೆದುಕೊಂಡು, "ಅಜ್ಜಿ, ಸಿಹಿ ಬೇಕು" ಎಂದು ಗೊಣಗಿ ಮತ್ತೆ ಮುದುಡಿಕೊಂಡಿತು.

ಎದುರು ಮನೆಯ ದರ್ಜಿಯನ್ನು ಕೂಗಿ ಕರೆದು, "ಅಣ್ಣ, ಈ ಇಬ್ಬರ ಮೇಲಿಂದ ಕಣ್ಣು ಕೀಳಬೇಡಿ, ಉಸಿರು ನೋಡ್ತಾ ಇರಿ" ಎಂದವಳೇ ಗುಂಡನನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡಿದ್ದ ದರ್ಜಿ ಏನೂ ಅರ್ಥವಾಗದೆ ಬಾಗಿಲಲ್ಲೇ ನಿಂತ. ಅತ್ತೆ ಹಿಂದಿನಿಂದ ಏನೋ ಹೇಳಿದರು. ಅವಳು ತಿರುಗಿ ನೋಡಲಿಲ್ಲ.

ಬೀದಿಯ ತಿರುವಿನ ಆಸ್ಪತ್ರೆಯ ವೈದ್ಯರು ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಅವರ ಮುಖ ಗಂಟಿಕ್ಕಿತು.

"ಏನಮ್ಮ ಕೊಟ್ರಿ ಇದಕ್ಕೆ?"

ಸೊಸೆ 'ಗೊತ್ತಿಲ್ಲ' ಎನ್ನಬಹುದಿತ್ತು. ಹಾಗೆಂದರೆ ಮನೆ ಮಾತು ಮನೆಯಲ್ಲೇ ಉಳಿಯುತ್ತಿತ್ತು.

"ಕೆಮ್ಮಿನ ಸಿರಪ್. ನಿದ್ದೆ ಬರಲಿ ಅಂತ. ಎರಡು ಸಲ ಹೋಗಿದೆ. ಕೊಟ್ಟಿದ್ದು ನಮ್ಮತ್ತೆ."

"ನಿಮ್ಮತ್ತೆ ಅಂದ್ರೆ, ಸಿಸ್ಟರಮ್ಮನಾ?" ವೈದ್ಯರ ಕೈ ನಿಂತಿತು. "ನಾನು ಹೊಸದಾಗಿ ಡ್ಯೂಟಿಗೆ ಸೇರಿದಾಗ ಕೂಸಿಗೆ ಸೂಜಿ ಹಾಕೋದು ಹೇಳಿಕೊಟ್ಟಿದ್ದೇ ಅವರು."

ಅವರು ಮಗುವನ್ನು ಒಳಗೆ ಎತ್ತಿಕೊಂಡು ಹೋದರು.

ಸೊಸೆ ಹೊರಗಿನ ಬೆಂಚಿನ ಮೇಲೆ ಕೂತಳು. ಏಪ್ರನ್ನು ಇನ್ನೂ ಮೈಮೇಲೇ ಇತ್ತು. ಅದರ ಮೇಲೆ ಗುಲಾಬಿ ಬಣ್ಣದ ಕ್ರೀಮು ಒಣಗಿ ಪುಡಿಯಾಗುತ್ತಿತ್ತು. ಹಿಂದಿನದೆಲ್ಲ ಒಂದೊಂದಾಗಿ ನೆನಪಾಗತೊಡಗಿತು.

ಅತ್ತೆ ನಿವೃತ್ತರಾದ ವರ್ಷವೇ ಮಾವ ತೀರಿಕೊಂಡಿದ್ದರು. ಒಂದಷ್ಟು ದಿನ ಅತ್ತೆ ಯಾವ ಕೆಲಸಕ್ಕೂ ಕೈ ಹಚ್ಚದೆ ಕಿಟಕಿಯ ಬಳಿ ಕೂತಿರುತ್ತಿದ್ದರು. ಆಮೇಲೆ ಗುಬ್ಬಿ ಹುಟ್ಟಿತು. ಗುಬ್ಬಿಯ ಜೊತೆಗೆ ಟೀಚರ್ ಮಗ ಬಂದ, ಇನ್ಯಾರೋ ಬಂದರು, ಹೋದರು, ಮನೆ ಮಕ್ಕಳ ಮನೆಯಾಯಿತು. ಕೆಲಸಕ್ಕೆ ಹೋಗುವ ತಾಯಂದಿರಿಗೆ ಸಿಸ್ಟರಮ್ಮ ಎಂದರೆ ಅಷ್ಟು ಭರವಸೆ. "ಅವರ ಮನೆಯಲ್ಲಿ ಮಕ್ಕಳು ಇದ್ದಾವೋ ಇಲ್ವೋ ಗೊತ್ತೇ ಆಗಲ್ಲ" ಎಂದು ಎಲ್ಲರೂ ಹೊಗಳುವವರೇ. ಹೊಗಳಿಕೆ ಕೇಳಿ ಸೊಸೆಯೂ ಹಿಗ್ಗುತ್ತಿದ್ದಳು. ಬೇಕರಿಯಲ್ಲಿ ಉಳಿದ ಹೆಂಗಸರು ಅತ್ತೆಯಂದಿರ ಮೇಲೆ ಹಲ್ಲು ಮಸೆಯುವಾಗ ಇವಳು ಸುಮ್ಮನೆ ಹೂವು ಬಿಡಿಸುತ್ತ ಕೂರುತ್ತಿದ್ದಳು. ಅವಳ ಹತ್ತಿರ ದೂರೇ ಇರಲಿಲ್ಲ.

ಅಥವಾ ಇತ್ತು, ಅವಳೇ ಅದನ್ನು ದೂರೆಂದುಕೊಂಡಿರಲಿಲ್ಲ. ಗುಬ್ಬಿಗೆ ಹಸಿವೇ ಆಗುತ್ತಿರಲಿಲ್ಲ. ಹೊಟ್ಟೆ ಕಟ್ಟಿ ಒದ್ದಾಡುತ್ತಿತ್ತು. ರಜೆಯ ದಿನ ಎಲ್ಲರೂ ಮನೆಯಲ್ಲಿದ್ದಾಗ ಕಾರಣವಿಲ್ಲದೆ ರಚ್ಚೆ ಹಿಡಿದು, ನೆಲಕ್ಕೆ ಹಣೆ ಚಚ್ಚಿಕೊಂಡು, ಅಜ್ಜಿಯ ಬಳಿ ಹೋದೊಡನೆ ತಣ್ಣಗಾಗುತ್ತಿತ್ತು. ಅಜ್ಜಿಯೆಂದರೆ ಪ್ರಾಣ ಎಂದು ಗಂಡ ಹೆಮ್ಮೆಪಡುತ್ತಿದ್ದ. ಅತ್ತೆಯೂ ಈಚೆಗೆ ಮಾತಿನ ಮಧ್ಯೆ ತೂಕಡಿಸುತ್ತಿದ್ದರು, ಒಲೆಯ ಮೇಲೆ ಪಾತ್ರೆ ಸೀದುಹೋಗುತ್ತಿತ್ತು. ವಯಸ್ಸಾಯಿತು ಎಂದುಕೊಂಡಳು. ಕೆಮ್ಮೇ ಇಲ್ಲದವರ ಬಾಯಲ್ಲಿ ಸದಾ ಕೆಮ್ಮಿನ ಔಷಧಿಯ ವಾಸನೆ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಬೇಕರಿಗೆ ಹೋಗುವುದು ಹೇಗೆ?

ಸಂಜೆಯಾಗುತ್ತಿದ್ದಂತೆ ಗುಂಡನ ತಾಯಿ ಓಡೋಡಿ ಬಂದಳು. ಹೆದ್ದಾರಿಯ ಟೋಲ್ ಗೇಟಿನ ಗೂಡಿನಲ್ಲಿ ಕೂರುವ ಸಣ್ಣ ವಯಸ್ಸಿನ ಹೆಂಗಸು, ಗಂಡ ಬಿಟ್ಟುಹೋದವಳು. ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುವಂತಿಲ್ಲ, ಹಾಗಾಗಿ ಸುದ್ದಿ ತಲುಪಿದ್ದೇ ತಡವಾಗಿ. ಸೊಸೆ ವೈದ್ಯರ ಮುಂದೆಯೇ ಏನನ್ನೂ ಮುಚ್ಚಿಡದೆ, ಅತ್ತೆಯ ಬಾಯಿಯ ವಾಸನೆಯನ್ನೂ ಸೇರಿಸಿ ಹೇಳಿದಳು. ಟೋಲಿನವಳು ಅಳಲಿಲ್ಲ, ಬೈಯಲೂ ಇಲ್ಲ. ಮಂಚದ ಮೇಲೆ ಈಗ ಚೆನ್ನಾಗಿ ಉಸಿರಾಡುತ್ತಿದ್ದ ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತುಬಿಟ್ಟಳು.

"ಇವತ್ತು ಉಳೀತು," ಎಂದರು ವೈದ್ಯರು. "ಇನ್ನು ಸ್ವಲ್ಪ ಹೊತ್ತು ತಡವಾಗಿದ್ರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ. ಸಿಸ್ಟರಮ್ಮನ್ನ ನಾಳೆ ನನ್ನ ಹತ್ತಿರ ಕಳಿಸಿ. ಅವರಿಗೂ ಔಷಧಿ ಬೇಕಾಗುತ್ತೆ. ಅಫೀಮಿನ ಅಂಶ ಇರೋ ಸಿರಪ್ಪು, ಒಮ್ಮೆಲೇ ಬಿಡೋಕೆ ಆಗಲ್ಲ ಅದು."

ಮನೆಗೆ ಬಂದರೆ ಟೀಚರ್ ಆಗಲೇ ಬಾಗಿಲಲ್ಲಿ ನಿಂತಿದ್ದಳು. ದರ್ಜಿಯಿಂದ ಅರ್ಧ ಕೇಳಿ ಉಳಿದರ್ಧವನ್ನು ತಾನೇ ಊಹಿಸಿಕೊಂಡಿದ್ದಳು. ಮಗನನ್ನು ಕಂಕುಳಿಗೇರಿಸಿಕೊಂಡು, ಮೂರು ಮಹಡಿಗೂ ಕೇಳುವಂತೆ ಕೂಗಾಡಿದಳು. "ನಿಮ್ಮನ್ನ ದೇವರ ಹಾಗೆ ನಂಬಿದ್ದೆವಲ್ರೀ! ನನ್ನ ಮಗ ಮಂಕಾಗಿದ್ದಾನೆ ಅಂತ ನಾನು ಯಾವ್ಯಾವ ಡಾಕ್ಟರ ಹತ್ತಿರ ಅಲೆದೆ ಗೊತ್ತಾ ನಿಮಗೆ? ನೀವೂ ಕೇಳಿಸ್ಕೊಂಡು ಅಯ್ಯೋ ಪಾಪ ಅಂದ್ರಿ!" ಅತ್ತೆ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದರು. ಮಗುವಿನ ಚೀಲವನ್ನು ತಾವೇ ಜೋಡಿಸಿ, ಜಿಪ್ಪು ಎಳೆದು, ಟೀಚರ್ ಕೈಗೆ ಕೊಟ್ಟರು.

ಗಂಡ ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಿಸುವವನ ಹೆಂಡತಿಗೆ ಮೆಟ್ಟಿಲೇ ಗತಿ ಎಂದು ಅವರಿಬ್ಬರೂ ನಗುವುದಿತ್ತು. ಅವತ್ತು ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಹಡಿಗೊಬ್ಬರಂತೆ ಅವನಿಗೆ ಕಥೆ ಹೇಳಿದ್ದರು.

"ನನಗೊಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?" ಎಂದ. "ನಮ್ಮಮ್ಮನ ಮಾನ ಬೀದಿಪಾಲು ಮಾಡಿದೆಯಲ್ಲ."

"ಮಗು ಸಾಯ್ತಿತ್ತು ರೀ."

"ಸತ್ತಿಲ್ವಲ್ಲ. ಎಷ್ಟು ಮಕ್ಕಳನ್ನ ಬದುಕಿಸಿದ ಕೈ ಅದು, ಒಂದು ದಿನ ತಪ್ಪಾಯ್ತು."

"ಒಂದು ದಿನ ಅಲ್ಲ. ದಿನಾ. ನಮ್ಮ ಗುಬ್ಬಿಗೂ."

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಎರಡೂ ಕೈಯಲ್ಲಿ ಬಾಟಲಿಗಳಿದ್ದವು. ಹಿಟ್ಟಿನ ಡಬ್ಬಿಯ ಹಿಂದಿನಿಂದ, ಹಳೇ ಯೂನಿಫಾರಂ ಮಡಚಿಟ್ಟ ಪೆಟ್ಟಿಗೆಯಿಂದ ಆಯ್ದು ತಂದಿದ್ದರು. ಸಿಂಕಿನ ಮುಂದೆ ನಿಂತು ಒಂದೊಂದಾಗಿ ಸುರಿದರು. ಕೆಂಪು ದ್ರವ ಅಂಟಂಟಾಗಿ ಇಳಿದುಹೋಗುವುದನ್ನು ಮಗನೂ ಸೊಸೆಯೂ ನೋಡಿದರು.

"ರಾತ್ರಿ ಪಾಳಿಯಿಂದ ಬಂದು ಹಗಲು ನಿದ್ದೆ ಬರ್ತಿರಲಿಲ್ಲ ನೋಡು," ಎಂದರು ಅತ್ತೆ, ಬೆನ್ನು ತಿರುಗಿಸಿಕೊಂಡೇ. "ಮನೆಯಲ್ಲಿ ನೀನು ಚಿಕ್ಕವನು, ನಿಮ್ಮಪ್ಪನ ಗಲಾಟೆ ಬೇರೆ. ವಾರ್ಡಲ್ಲಿ ಕೈಗೆ ಸಿಗ್ತಿತ್ತು. ಒಂದು ಚಮಚ ಕುಡಿದ್ರೆ ಯಾರೋ ಹೊದಿಕೆ ಹೊದಿಸಿದ ಹಾಗಾಗ್ತಿತ್ತು. ಬಿಡ್ತೀನಿ. ಬಿಟ್ಟೇಬಿಡ್ತೀನಿ."

ಮಗ ಅಮ್ಮನನ್ನು ತಬ್ಬಿಕೊಂಡ. ಡಾಕ್ಟರ ಬಳಿ ಹೋಗುವ ಮಾತು ಬಂದಾಗ, "ನಾನು ಕಲಿಸಿದ ಹುಡುಗನ ಮುಂದೆ ಕೈ ಚಾಚಿ ಕೂರಲಾ? ಬೇಡ" ಎಂದುಬಿಟ್ಟರು ಅತ್ತೆ. ಮಗನೂ ಒತ್ತಾಯ ಮಾಡಲಿಲ್ಲ. ಸೊಸೆ ಬೇಕರಿಗೆ ರಜೆ ಹಾಕಿದಳು.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಅವಳನ್ನು ಕೇಳಿದರೆ ಹೇಳಲಾರಳು. ಗುಬ್ಬಿ ಮಲಗಲಿಲ್ಲ. ಬೆವರಿತು, ನಡುಗಿತು, ತಿಂದದ್ದನ್ನೆಲ್ಲ ಕಾರಿತು. ಮೈ ಮುಟ್ಟಿದರೆ ಚೀರಿತು, ಮುಟ್ಟದಿದ್ದರೂ ಚೀರಿತು. ಪಕ್ಕದ ಕೋಣೆಯಲ್ಲಿ ಅತ್ತೆಗೂ ಅದೇ ಪಾಡು. ಆಕಳಿಕೆ ಮೇಲೆ ಆಕಳಿಕೆ, ಕಣ್ಣಲ್ಲಿ ಮೂಗಲ್ಲಿ ನೀರು, ಗೋಡೆಯಿಂದ ಗೋಡೆಗೆ ನಡೆದಾಟ. ಈ ಕೋಣೆಯಲ್ಲಿ ಮಗಳ ಹಣೆಗೆ ಒದ್ದೆ ಬಟ್ಟೆ ಇಟ್ಟು ಆ ಕೋಣೆಗೆ ಹೋದರೆ ಅಲ್ಲಿಯೂ ಅದೇ ಬೆವರು, ಅದೇ ನಡುಕ. ಸೊಸೆಗೆ ಒಮ್ಮೊಮ್ಮೆ ಎರಡು ಕೋಣೆಯಲ್ಲೂ ಇರುವುದು ಒಬ್ಬರೇ ಎನ್ನಿಸುತ್ತಿತ್ತು. ಗುಬ್ಬಿಯನ್ನು ದಿನವೂ ಡಾಕ್ಟರಿಗೆ ತೋರಿಸಿ ತರುತ್ತಿದ್ದಳು. ಅತ್ತೆ ಹೊಸಿಲು ದಾಟಲಿಲ್ಲ.

ಒಂದು ಮಧ್ಯಾಹ್ನ ಅವಳು ಬಟ್ಟೆ ಹಿಂಡುತ್ತಿದ್ದಾಗ ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಓಡಿ ಬಂದಳು. ಗುಬ್ಬಿ ಅಜ್ಜಿಯ ಮಂಚದ ಬಳಿ ನಿಂತು, ಹಕ್ಕಿಮರಿಯ ಹಾಗೆ ಬಾಯಿ ತೆರೆದು ಮುಖ ಎತ್ತಿತ್ತು.

"ಅಜ್ಜಿ, ಸಿಹಿ. ಒಂದೇ ಒಂದು ತೊಟ್ಟು."

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದರು.

"ಕರ್ಕೊಂಡು ಹೋಗಮ್ಮ ಇವಳನ್ನ," ಎಂದರು, ಹೊದಿಕೆಯ ಒಳಗಿನಿಂದ. "ದಮ್ಮಯ್ಯ ಅಂತೀನಿ. ನನ್ನ ಹತ್ತಿರ ಇದ್ದಿದ್ರೆ ಕೊಟ್ಟುಬಿಡ್ತಿದ್ದೆ. ಇವಳಿಗಲ್ಲ... ಮೊದಲು ನಾನು ಕುಡಿದು, ಆಮೇಲೆ ಕೊಡ್ತಿದ್ದೆ."

ಅದಕ್ಕಿಂತ ನಿಜವಾದ ಮಾತನ್ನು ಅತ್ತೆಯ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ಮಗಳನ್ನು ಎತ್ತಿಕೊಂಡವಳು ಇನ್ನೊಂದು ಕೈಯಿಂದ ಅತ್ತೆಯ ಬೆನ್ನು ಸವರಿದಳು. ಮೂಳೆ ಮೂಳೆಯೇ ಕೈಗೆ ಸಿಕ್ಕಿತು.

ಗುಬ್ಬಿ ನಿಧಾನಕ್ಕೆ ಚೇತರಿಸಿಕೊಂಡಿತು. ಮೊದಲು ಹಸಿವೆ ಬಂತು, ಆಮೇಲೆ ತುಂಟತನ. ಬೇಕರಿಯಿಂದ ತಂದ ಬನ್ನಿನ ಮೇಲಿನ ಸಕ್ಕರೆಯನ್ನೆಲ್ಲ ನೆಕ್ಕಿ, ಬೋಳು ಬನ್ನನ್ನು ಅಪ್ಪನ ತಟ್ಟೆಗೆ ಹಾಕುವಷ್ಟು ಹುಷಾರಾಯಿತು. ಅತ್ತೆ ಮಾತ್ರ ಒಂದೇ ದಿನದಲ್ಲಿ ಚೇತರಿಸಿಕೊಂಡರು. ಹಿಂದಿನ ದಿನ ಗೋಡೆ ಹಿಡಿದು ನಡೆದವರು ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಗೆ ಬಂದರು.

"ಸ್ವಲ್ಪ ಕಾಲಾಡಿಸಿಕೊಂಡು ಬರ್ತೀನಿ. ಬಿಸಿಲು ಕಂಡು ಎಷ್ಟು ದಿನ ಆಯ್ತು."

"ನೋಡಿದೆಯಾ, ಅಮ್ಮನ ಗಟ್ಟಿತನ," ಎಂದ ಗಂಡ.

ಅಂದಿನಿಂದ ಅತ್ತೆ ದಿನವೂ ಬೆಳಿಗ್ಗೆ ಕಾಲಾಡಿಸಲು ಹೋದರು. ಸಂಜೆಗೆ ಮರಳಿದಾಗ ಮುಖದಲ್ಲಿ ಕಳೆಯಿರುತ್ತಿತ್ತು. ಉದ್ಯಾನದಲ್ಲಿ ಹಳೇ ಸ್ನೇಹಿತೆಯರು ಸಿಕ್ಕಿದ್ದಾರಂತೆ, ಮಾತಿಗೆ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲವಂತೆ. ಸೊಸೆ ಅವರ ಹತ್ತಿರ ನಿಂತಾಗಲೆಲ್ಲ ಮೂಗು ಅರಳಿಸಿ ವಾಸನೆ ಹಿಡಿಯುತ್ತಿದ್ದಳು. ಲವಂಗದ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ತಾನೇ ಅನುಮಾನದ ಹೆಂಗಸಾದೆ ಎಂದು ತನ್ನ ಮೇಲೇ ಬೇಸರವಾಗಿ, ಗುಬ್ಬಿಯನ್ನು ಬೇಕರಿಯ ಹತ್ತಿರದ ಶಿಶುಮನೆಗೆ ಸೇರಿಸಿ ಕೆಲಸಕ್ಕೆ ಮರಳಿದಳು.

ಆ ದಿನ ಅವಳಿಗೆ ಮಧ್ಯಾಹ್ನದ ಪಾಳಿ. ಗುಬ್ಬಿಯನ್ನು ಶಿಶುಮನೆಗೆ ಬಿಟ್ಟು ಬಂದು ಮೆಟ್ಟಿಲು ಹತ್ತುವಾಗ ಎದುರಿಗೆ ಟೋಲಿನವಳು ಸಿಕ್ಕಿದಳು. ಯೂನಿಫಾರಂ ಹಾಕಿದ್ದಳು, ಕೈಯಲ್ಲಿ ಊಟದ ಡಬ್ಬಿ. ಆಸ್ಪತ್ರೆಯ ದಿನದ ಮೇಲೆ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಸೊಸೆಯೇ ತಡೆದು ನಿಲ್ಲಿಸಿದಳು.

"ಗುಂಡ ಹೇಗಿದ್ದಾನೆ? ಎಲ್ಲಿ ಬಿಡ್ತಿದ್ದೀಯ ಈಗ?"

"ಚೆನ್ನಾಗಿದ್ದಾನೆ ಅಕ್ಕ. ಮನೆಗೇ ಬರ್ತಾರೆ ಒಬ್ಬರು." ಟೋಲಿನವಳು ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿದಳು. ಆಗಲೇ ನೋಡಿದ್ದನ್ನು ಮತ್ತೆ ನೋಡಿದಳು.

"ಯಾರು?"

"ವ್ಯಾನ್ ಬಂದುಬಿಡುತ್ತೆ ಅಕ್ಕ."

"ಯಾರು ಬರ್ತಾರೆ, ಹೇಳು."

ಟೋಲಿನವಳು ಮುಖ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ದಣಿವಿತ್ತು.

"ನೀವು ಬೈದ್ರೂ ಪರವಾಗಿಲ್ಲ. ನಾನು ಎಲ್ಲಾ ಕಡೆ ಕೇಳಿ ಬಂದೆ. ಇಷ್ಟು ಚಿಕ್ಕ ಕೂಸನ್ನ ಯಾರೂ ಇಟ್ಕೊಳಲ್ಲ. ಇಟ್ಕೊಳೋರು ನನ್ನ ಪಾಳಿ ಮುಗಿಯೋವರೆಗೂ ಇಟ್ಕೊಳಲ್ಲ. ಒಂದು ವಾರ ರಜೆ ಹಾಕಿದೆ, ಇನ್ನೊಂದು ದಿನ ಹಾಕಿದ್ರೆ ಬರಲೇಬೇಡ ಅಂದ್ರು. ಆವಾಗ ಅವರೇ ಬಂದ್ರು. ಬಾಗಿಲಲ್ಲಿ ನಿಂತು ಅತ್ತುಬಿಟ್ರು ಅಕ್ಕ. ಮಕ್ಕಳಿಲ್ಲದೆ ಇರೋಕಾಗಲ್ಲ ಅಂದ್ರು." ಅವಳು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಗುಂಡನೂ ಅಷ್ಟೇ, ಅವರಿಲ್ಲದೆ ಮಲಗ್ತಾನೇ ಇರ್ಲಿಲ್ಲ. ರಾತ್ರಿ ಹಗಲು ಕಿರುಚಿ ಕಿರುಚಿ... ನಾನು ಕಮ್ಮಿ ಹಾಕಿ ಅಂತ ಹೇಳಿದ್ದೀನಿ. ತೀರಾ ಕಮ್ಮಿ. ಒಂದೇ ಸಲ ಅಂತ ಆಣೆ ಮಾಡಿದ್ದಾರೆ."

ಕೆಳಗಿನಿಂದ ವ್ಯಾನಿನ ಹಾರನ್ನು ಕೇಳಿಸಿತು. ಟೋಲಿನವಳು ಸೊಸೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಬಿಟ್ಟು, ದಡದಡನೆ ಇಳಿದುಹೋದಳು.

ಸೊಸೆ ಒಂದು ಮಹಡಿ ಹತ್ತಿದಳು. ಟೋಲಿನವಳ ಬಾಗಿಲು ಮುಚ್ಚಿತ್ತು. ಬಾಗಿಲ ಮುಂದೆ ಅತ್ತೆಯ ಚಪ್ಪಲಿ, ವಾರ್ಡಿನ ದಿನಗಳ ಅಭ್ಯಾಸದಂತೆ ಒಂದರ ಪಕ್ಕ ಒಂದು ನೇರವಾಗಿ, ತುದಿ ಹೊರಗೆ ಮಾಡಿ ಇಟ್ಟಿದ್ದವು.

ಅವಳು ಬಾಗಿಲು ಬಡಿಯಲು ಕೈ ಎತ್ತಿದಳು. ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು. ಜೋಗುಳ. ತೊಟ್ಟಿಲು ತೂಗುವ ಲಯಕ್ಕೆ ಸರಿಯಾಗಿ, ಮೆಲ್ಲಗೆ, ಮುದ್ದಾಗಿ. ಮಗುವಿನ ಸದ್ದು ಇರಲಿಲ್ಲ. ದನಿ ಸ್ವಲ್ಪ ಸ್ವಲ್ಪವೇ ನಿಧಾನವಾಯಿತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅಂತರ ಹೆಚ್ಚುತ್ತ ಹೋಯಿತು. ಆಮೇಲೆ ಸಾಲಿನ ನಡುವೆಯೇ ನಿಂತಿತು.

ತೊಟ್ಟಿಲಿನ ಕೊಂಡಿ ಇನ್ನೂ ಒಂದೆರಡು ಸಲ ಕಿರುಗುಟ್ಟಿ ಸುಮ್ಮನಾಯಿತು. ಸೊಸೆ ಎರಡೂ ಮುಷ್ಟಿಯಿಂದ ಬಾಗಿಲು ಬಡಿಯತೊಡಗಿದಳು.